ಆರು ಪೀಸಿನ ಲಂಗ

ಆಷಾಢದ ಗಾಳಿ ಎಂದರೇನು ಎಂದು ತಿಳಿಯಬೇಕಾದರೆ ಸೀರೆ ಉಟ್ಟುಕೊಂಡು ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಅಂಥ ಗಾಳಿಯಲ್ಲೂ ನೆರಿಗೆ ಕೆದರದೆ ನಿಂತರೆ ಅದರ ಕೀರ್ತಿ ಒಳಗಿನ ಲಂಗಕ್ಕೆ ಸಲ್ಲಬೇಕು. ಹೊಳಲ್ಕೆರೆಯ ನಮ್ಮ ಮನೆಯಲ್ಲಿ, ಕಾಲಲ್ಲಿ ತುಳಿಯುವ ಮಿಷನ್ನಿನ ಮೇಲೆ, ನಾನು ಬಲು ಪ್ರೀತಿಯಿಂದ ಹೊಲಿಯುವುದು ಇದನ್ನೇ. ರವಿಕೆ ಹೊಲಿಯುವವರು ಬೀದಿಗೊಬ್ಬರು ಸಿಗುತ್ತಾರೆ. ಲಂಗವನ್ನು ಮನಸ್ಸಿಟ್ಟು ಹೊಲಿಯುವವರು ಅಪರೂಪ.

ಹದಿನಾರು ಮೊಳದ ಸೀರೆ ಉಡುತ್ತಿದ್ದ ಅಜ್ಜಿಯರಿಗೆ ಒಳಗೊಂದು ಲಂಗ ಬೇಕಿರಲಿಲ್ಲ. ರವಿಕೆ, ಒಳಲಂಗದ ಜೊತೆ ಸೀರೆ ಉಡುವ ಪದ್ಧತಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1860ರ ದಶಕದಿಂದೀಚೆಗೆ, ಓದುಬರಹ ಬಲ್ಲ ಮನೆಗಳಲ್ಲಿ ಹರಡಿತು. ಅದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ರವೀಂದ್ರನಾಥ ಠಾಕೂರರ ಅತ್ತಿಗೆ ಜ್ಞಾನದಾನಂದಿನಿ ದೇವಿ ಮುಖ್ಯರು. ಅವರ ಪತಿ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಆ ಕಾಲದ ಇಂಗ್ಲೆಂಡಿನ ಹೆಂಗಸರು ಗೌನಿನೊಳಗೆ ಒಂದರ ಮೇಲೊಂದು ಪೆಟಿಕೋಟ್ ತೊಡುತ್ತಿದ್ದರು; 1856ರ ಸುಮಾರಿಗೆ ಉಕ್ಕಿನ ಬಳೆಗಳ ಕ್ರಿನೋಲಿನ್ ಬಂದು ಆ ಹೊರೆ ಇಳಿಸಿತು. ಕ್ರಿನೋಲಿನ್ ಮ್ಯೂಸಿಯಂ ಸೇರಿತು. ಪೆಟಿಕೋಟ್ ಮಾತ್ರ ಹೊಸದುರ್ಗದ ಬಟ್ಟೆ ಅಂಗಡಿಗಳಲ್ಲಿ ಇಂದಿಗೂ ಬಣ್ಣಬಣ್ಣವಾಗಿ ಸಾಲುಗಟ್ಟಿ ಕೂತಿದೆ.

ಒಂದು ಲಂಗಕ್ಕೆ 44 ಇಂಚು ಪನ್ನದ ಕಾಟನ್ ಪಾಪ್ಲಿನ್ ಎರಡೂವರೆ ಮೀಟರ್ ತಂದು ರಾತ್ರಿಯೇ ನೆನೆಹಾಕುತ್ತೇನೆ. ಕುಗ್ಗುವುದೆಲ್ಲ ಕತ್ತರಿ ಹಾಕುವ ಮೊದಲೇ ಕುಗ್ಗಿಬಿಡಲಿ. ಒಣಗಿಸಿ, ಇಸ್ತ್ರಿ ಮಾಡಿ, ನೆಲದ ಮೇಲೆ ಹರಡಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಹಿಂಬದಿಯ ಸುತ್ತಳತೆ 42 ಇಂಚಿದ್ದರೆ ಆರು ಪೀಸಿಗೆ ಭಾಗಿಸಿ 7, ಹೊಲಿಗೆಗೆ 1. ಅಲ್ಲಿಗೆ ಪೀಸಿನ ಮೇಲ್ತುದಿ 8 ಇಂಚು, ಕೆಳತುದಿ ಹೆಚ್ಚುಕಡಿಮೆ ಅದರ ಎರಡರಷ್ಟು. ಒಂದು ಪೀಸನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗಾಗಿ ಬರೆದುಕೊಂಡರೆ ಬಟ್ಟೆ ದಂಡವಾಗದು.

ಜೋಡಿಸುವುದರಲ್ಲೇ ಇದರ ಗುಟ್ಟಿರುವುದು. ಪ್ರತಿ ಪೀಸಿಗೂ ಒಂದು ನೇರ ಅಂಚು, ಒಂದು ಕ್ರಾಸ್, ಅಂದರೆ ಓರೆ, ಅಂಚು. ಎರಡು ಕ್ರಾಸ್ ಅಂಚುಗಳನ್ನು ಸೇರಿಸಿದರೆ ಹೊಲಿಗೆ ಜೋತುಬಿದ್ದು ಲಂಗ ಅಲ್ಲಲ್ಲಿ ನಾಲಗೆ ಚಾಚುತ್ತದೆ. ನೇರಕ್ಕೆ ಕ್ರಾಸ್ ಸೇರಿಸಿದರೆ ನೇರ ಅಂಚು ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಎಳೆ ಬಿಚ್ಚದ ಹಾಗೆ ಅಂಚನ್ನು ಒಳಕ್ಕೆ ಮಡಚಿ ಮತ್ತೊಂದು ಹೊಲಿಗೆ. ಇಂಟರ್‌ಲಾಕ್ ಹಾಕಿಸಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಮಡಚಿ ಹೊಲಿದದ್ದರ ನಯ ಅದಕ್ಕಿಲ್ಲ.

ಕೆಳಗೆ ಅಂಗೈ ಅಗಲದ ಫ್ರಿಲ್, ಅದರ ಮೇಲೆ ಮೂರು ಸಾಲು ಟಕ್ಸ್, ಅಂದರೆ ಮಡಚಿ ಹೊಲಿದ ಮಡಿಕೆ, ಒಂದೊಂದೂ ಕಾಲಿಂಚು. ನನಗೆ ತುಂಬ ಇಷ್ಟವಾದ ಭಾಗ ಇದು. ವಿಕ್ಟೋರಿಯಾ ಕಾಲದ ಪೆಟಿಕೋಟುಗಳಲ್ಲೂ ಎದ್ದು ಕಾಣುವ ಕೆಲಸ ಇದೇ. ಟಕ್ಸ್‌ನಿಂದ ಬಟ್ಟೆಗೆ ಬಿಗಿ, ಅಂಚಿಗೆ ತೂಕ; ಮಕ್ಕಳ ಬಟ್ಟೆಯಲ್ಲಾದರೆ ಬೆಳೆದಂತೆಲ್ಲ ಒಂದೊಂದೇ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು. ನಮ್ಮ ಅಮ್ಮಂದಿರೂ ಯುಗಾದಿಗೆ ಹೊಲಿಸಿದ ಉದ್ದಲಂಗಕ್ಕೆ “ಬರೋ ವರ್ಷಕ್ಕೂ ಆಗ್ಲಿ” ಎಂದು ಹೀಗೇ ಮಡಿಕೆ ಇಡಿಸುತ್ತಿದ್ದರು. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಗೆರೆಯೊಂದು ಉಳಿಯುತ್ತಿತ್ತು. ಆ ಗೆರೆಗಳನ್ನು ಎಣಿಸಿದರೆ ಹುಡುಗಿ ಬೆಳೆದ ಲೆಕ್ಕ ಸಿಗುತ್ತಿತ್ತು.

ಅಂಚು ಮಡಚುವ ಮೊದಲು ಲಂಗವನ್ನು ಒಂದು ದಿನ ತೂಗುಹಾಕಬೇಕು. ಕ್ರಾಸ್ ಇರುವೆಡೆ ಬಟ್ಟೆ ತಾನಾಗಿಯೇ ಇಳಿಯುತ್ತದೆ. ಇಳಿದ ಮೇಲೆ ಸಮ ಮಾಡಿದರೆ ಮುಂದೆ ಎಂದೂ ಏರುಪೇರಾಗದು.

ಬಟ್ಟೆ ಮಾತ್ರ ಹತ್ತಿಯದೇ ಆಗಬೇಕು. ದಾವಣಗೆರೆ 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಊರು, ಹತ್ತಿ ಗಿರಣಿಗಳಿಂದ ಹೆಸರಾದದ್ದು. ಅದರ ಮಗ್ಗುಲಲ್ಲೇ ಇದ್ದುಕೊಂಡು, ಈ ಬಯಲುಸೀಮೆಯ ಬಿಸಿಲಿನಲ್ಲಿ, ಕಾಲಿಗೆ ಅಂಟುವ ಪಾಲಿಯೆಸ್ಟರ್ ಲಂಗ ತೊಡುವುದು ನನಗೆ ಒಗ್ಗುವುದಿಲ್ಲ. ಲಂಗದ ಬದಲಿಗೆ ಬಂದಿರುವ, ಮೈಗೆ ಬಿಗಿಯುವ ಈಗಿನ ಶೇಪ್‌ವೇರ್ ಅಂತೂ ಆ ಕಾಲದ ಇಂಗ್ಲೆಂಡಿನ ಹೆಂಗಸರು ಸೊಂಟ ಬಿಗಿಯುತ್ತಿದ್ದ ಕಾರ್ಸೆಟ್ಟಿನ ಮರುಹುಟ್ಟು.

ಕೊನೆಗೆ ಲಾಡಿ. ಅಂಗಡಿಯ ಲಂಗಗಳಲ್ಲಿ ಬರುವ ಸಣ್ಣ ದಾರವನ್ನು ದಯವಿಟ್ಟು ತೆಗೆದುಬಿಡಿ. ಬಿಗಿದು ಕಟ್ಟಿದ ದಾರ ವರ್ಷಗಟ್ಟಲೆ ಒಂದೇ ಕಡೆ ಒತ್ತಿದರೆ ಸೊಂಟದ ಚರ್ಮ ಕಪ್ಪಾಗುತ್ತದೆ. ಅಪರೂಪಕ್ಕೆ ಅಲ್ಲಿ ವಾಸಿಯಾಗದ ಹುಣ್ಣು, ಕ್ಯಾನ್ಸರ್ ಸಹ ಆದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಉಳಿದ ಪಾಪ್ಲಿನ್‌ನಲ್ಲೇ ಒಂದಿಂಚು ಅಗಲದ ಪಟ್ಟಿ ಮಡಚಿ ಹೊಲಿದು, ಪಿನ್ನಿಗೆ ಸಿಕ್ಕಿಸಿ ಪೋಣಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.