2001ರ ಹುಡುಗರು (ಮೆಲ್ಬರ್ನ್ ಡೈರಿ, ಭಾಗ 4)

ಶನಿವಾರ ಕಾರಲ್ಲಿ ಮಗ ಒಂದು ಮಾತೂ ಆಡಲಿಲ್ಲ. ಹದಿಮೂರು ವರ್ಷ ಅವನಿಗೆ. ಫುಟಿ ಟೀಮಿನ ಪಟ್ಟಿಯಲ್ಲಿ ಹೆಸರಿರಲಿಲ್ಲ. ಜೊತೇಲಿ ಪ್ರಾಕ್ಟೀಸಿಗೆ ಹೋಗೋ ಪಕ್ಕದ ಬೀದಿ ಹುಡುಗನದು ಇತ್ತು.

“ಅವನು ದಿನಾ ಬೆಳಗ್ಗೆ ಎದ್ದು ಓಡ್ತಾನೆ, ನೀನು?” ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಮಾತು ನನ್ನದಲ್ಲ, ನಮ್ಮಪ್ಪಂದು. 2001ರಲ್ಲಿ ಸಿಇಟಿ ರ‍್ಯಾಂಕ್ ಬಂದ ದಿನ ಹಾಸನದ ಮನೆ ಜಗಲಿ ಮೇಲೆ ಕೂತು, ದೊಡ್ಡಪ್ಪನ ಮಗನ ನಂಬರನ್ನೂ ನನ್ನ ನಂಬರನ್ನೂ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ್ರು. ಅವತ್ತಿಂದ ನಾನು ಅಣ್ಣನ ಜೊತೆ ಮನಸ್ಸು ಬಿಚ್ಚಿ ಮಾತಾಡಿಲ್ಲ.

ಅದೇ ವರ್ಷ ನವೆಂಬರಲ್ಲಿ ಈ ದೇಶದಲ್ಲೂ ಒಂದಷ್ಟು ಹುಡುಗರಿಗೆ ನಂಬರ್ ಬಿತ್ತು. ಎಎಫ್‌ಎಲ್ ಡ್ರಾಫ್ಟ್. ಕ್ಲಬ್ಬುಗಳು ಸರದಿ ಪ್ರಕಾರ ಹುಡುಗರನ್ನ ಆರಿಸಿಕೊಳ್ಳುತ್ತವೆ, ಕೊನೆ ಸ್ಥಾನದ ತಂಡಕ್ಕೆ ಮೊದಲ ಸರದಿ. ಆ ವರ್ಷ ಕೊನೆಯಲ್ಲಿದ್ದದ್ದು ಫ್ರಿಮ್ಯಾಂಟಲ್. ಅವರು 1, 20, 36ನೇ ಸರದಿಗಳನ್ನ ಹಾಥಾರ್ನ್‌ಗೆ ಕೊಟ್ಟು, ಇಬ್ಬರು ಆಟಗಾರರನ್ನ ತಗೊಂಡ್ರು.

1: ಲ್ಯೂಕ್ ಹಾಡ್ಜ್, ಹಾಥಾರ್ನ್.
2: ಲ್ಯೂಕ್ ಬಾಲ್, ಸೇಂಟ್ ಕಿಲ್ಡಾ.
3: ಕ್ರಿಸ್ ಜಡ್, ವೆಸ್ಟ್ ಕೋಸ್ಟ್.

ಜಡ್‌ಗೆ 2004ರಲ್ಲೇ ಬ್ರೌನ್‌ಲೋ ಪದಕ, 2010ರಲ್ಲಿ ಮತ್ತೊಂದು. ಹಾಡ್ಜ್‌ಗೆ ನಾಲ್ಕು ಪ್ರೀಮಿಯರ್‌ಶಿಪ್. ಇನ್ನು ಆ 36ನೇ ಸರದಿ? ಹಾಥಾರ್ನ್ ಅದರಲ್ಲಿ ಆರಿಸಿದ್ದು ಸ್ಯಾಮ್ ಮಿಚೆಲ್‌ನ. ಹಿಂದಿನ ವರ್ಷ ಅವನನ್ನ ಯಾವ ಕ್ಲಬ್ಬೂ ಕೇಳಿರಲಿಲ್ಲ. 2008ರಲ್ಲಿ ಹಾಥಾರ್ನ್ ಗೆದ್ದಾಗ ಕ್ಯಾಪ್ಟನ್ ಅವನೇ. 58ನೇ ನಂಬರಿನ ಡೇನ್ ಸ್ವಾನ್‌ಗೆ 2011ರ ಬ್ರೌನ್‌ಲೋ.

ಭಾನುವಾರ ತಿಂಡಿ ಹೊತ್ತಲ್ಲಿ ಇದನ್ನೆಲ್ಲ ಮಗನಿಗೆ ಹುಮ್ಮಸ್ಸಿಂದ ಹೇಳಿದೆ. ಕೇಳಿಸಿಕೊಂಡ. ಆಮೇಲೆ, “ಹಿಂದೆ ಇದ್ದವನು ಮುಂದೆ ಬಂದ ಅಂತ ತಾನೇ? ಇದೂ ಕಂಪೇರ್ ಮಾಡೋದೇ ಅಲ್ವಾ ಅಪ್ಪಾ? ನಾನು ಮುಂದೆ ಬರದೇ ಇದ್ರೆ?” ಅಂದ.

ದೋಸೆ ಗಂಟಲಲ್ಲೇ ನಿಂತುಬಿಡ್ತು.

ಪಾತ್ರೆ ತೊಳೀತಾ ಎರಡನೇ ನಂಬರಿನವನು ನೆನಪಾದ. ಲ್ಯೂಕ್ ಬಾಲ್. ಒಂದನೆಯವನಿಗೂ ಮೂರನೆಯವನಿಗೂ ನಡುವೆ ಸಿಕ್ಕಿಹಾಕಿಕೊಂಡ ಹುಡುಗ. ಸೇಂಟ್ ಕಿಲ್ಡಾ ಜಡ್‌ನ ಬಿಟ್ಟು ಇವನನ್ನ ತಗೊಂಡಿದ್ದು ಸರೀನಾ ಅಂತ ಜನ ವರ್ಷಗಟ್ಟಲೆ ಚರ್ಚೆ ಮಾಡಿದ್ರು. ಪಕ್ಕದವರನ್ನ ಬಿಟ್ಟು ಬರೀ ಅವನನ್ನ ನೋಡಿ: 2005ರ ಆಲ್-ಆಸ್ಟ್ರೇಲಿಯನ್ ತಂಡದಲ್ಲಿ ಜಾಗ, 200ಕ್ಕೂ ಹೆಚ್ಚು ಪಂದ್ಯ. 2009ರ ಕೊನೆಗೆ ಕಾಲಿಂಗ್‌ವುಡ್ ಸೇರಿದ. ಮರುವರ್ಷ ಫೈನಲ್ ಡ್ರಾ ಆಗಿ, ಮುಂದಿನ ವಾರ ಮತ್ತೆ ಆಡಿದಾಗ ಪ್ರೀಮಿಯರ್‌ಶಿಪ್. ಎದುರಿಗಿದ್ದದ್ದು ಅವನ ಹಳೇ ಸೇಂಟ್ ಕಿಲ್ಡಾ! ಇದು ಸೋತವನ ಕಥೆಯಾ? ಜಡ್‌ನ ಪಕ್ಕ ನಿಲ್ಲಿಸಿದ್ರೆ ಮಾತ್ರ ಹಾಗೆ ಕಾಣೋದು.

ಮಗನಿಗೆ ಮತ್ತೆ ಪಾಠ ಮಾಡೋಕೆ ಹೋಗಲಿಲ್ಲ. “ಮುಂದೆ ಬರದೇ ಇದ್ರೂ ಪರವಾಗಿಲ್ಲ ಕಣೋ. ಆಡೋಕೆ ಇಷ್ಟ ಇದೆಯಾ?” ಅಂದೆ. ಹೂಂ ಅಂದ. ಚೆಂಡು ಎತ್ತಿಕೊಂಡು ಇಬ್ಬರೂ ಪಾರ್ಕಿಗೆ ಹೋದ್ವಿ. ಆ ಮೊಟ್ಟೆಯಾಕಾರದ ಚೆಂಡು ನಾನು ಒದ್ದರೆ ಇವತ್ತಿಗೂ ನೇರ ಹೋಗಲ್ಲ. ಅವನು ನಕ್ಕ. ಎರಡು ದಿನದಲ್ಲಿ ಮೊದಲ ಸಲ.

ಅಣ್ಣನ ರ‍್ಯಾಂಕ್ ನನಗೆ ಇನ್ನೂ ಬಾಯಿಪಾಠ. ಅವನ ಫೋನ್ ನಂಬರ್ ಮಾತ್ರ ಹುಡುಕಬೇಕಾಯ್ತು. ಸಿಕ್ಕಿದೆ. ಇವತ್ತು ಸಂಜೆ ಮಾಡ್ತೀನಿ.

ನಿಮ್ಮನ್ನ ಯಾರ ಪಕ್ಕ ನಿಲ್ಲಿಸಿ ಅಳೆದ್ರು? ಅವರ ಜೊತೆ ಈಗ ಮಾತಾಡ್ತೀರಾ? ಹೇಳಿ, ಓದ್ತೀನಿ.

#ಮೆಲ್ಬರ್ನ್_ಡೈರಿ #ಫುಟಿ #ಅಪ್ಪಮಗ