ಹುಡುಗರ ಸಾಲು, ಹುಡುಗ್ಯಾರ ಸಾಲು

ಡಂಬಳದ ನಮ್ಮ ಸಾಲಿಯಲ್ಲಿ ಪ್ರೇಯರ್‌ಗೆ ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರು. ಏಳನೇತ್ತಾದಲ್ಲಿ ಹುಡುಗರ ಸಾಲಿನ ಮೊದಲನೆಯವನು ನಾನು. ಹುಡುಗ್ಯಾರ ಸಾಲಿನ ಕೊನೆಗೆ ನಿಲ್ಲುತ್ತಿದ್ದವಳು ನಮ್ಮ ಓಣಿಯವಳೇ. ವಯಸ್ಸಿನಲ್ಲಿ ನನಗಿಂತ ಎರಡು ತಿಂಗಳು ಸಣ್ಣಾಕಿ, ಎತ್ತರದಲ್ಲಿ ಒಂದು ಗೇಣು ದೊಡ್ಡಾಕಿ. ಕಟ್ಟೆ ಮೇಲೆ ಕೂತವರ ಲೆಕ್ಕದಲ್ಲಿ ನಾನು ‘ಇನ್ನೂ ಕೂಸು’, ಆಕಿ ‘ಮದುವಿಗೆ ಬಂದ ಹುಡುಗಿ’.

ಇಬ್ಬರಿಗೂ ಹನ್ನೆರಡೇ ವರ್ಷ ಮಾರಾಯ್ರೆ!

ಆಕಿ ಮೈನೆರೆದಾಗ ಆರತಿ ಆಯಿತು, ಹಸಿರು ಸೀರೆ ಉಡಿಸಿದರು, ಓಣಿಗೆಲ್ಲ ಊಟ. ಆಮೇಲೆ ಸಾಲಿಗೆ ಬಂದದ್ದು ಕಡಿಮೆ. ಹೈಸ್ಕೂಲು ಮುಗಿಯುವ ಮುಂಚೆಯೇ ಮದುವೆ. ಹೆಣ್ಣಿಗೆ 18 ಆಗಬೇಕು ಅನ್ನೋ ಕಾನೂನು 1978ರಿಂದ ಇದೆ. ಆದರೆ ನಮ್ಮೂರಲ್ಲಿ ಜನ್ಮದಿನಾಂಕ ಯಾರು ಕೇಳ್ತಾರ್ರೀ, ಎತ್ತರ ನೋಡ್ತಾರ.

ಹುಡುಗ್ಯಾರು ಅತಿ ವೇಗವಾಗಿ ಬೆಳೆಯೋದು ಸುಮಾರು ಹನ್ನೆರಡರ ಹೊತ್ತಿಗೆ, ಹುಡುಗರು ಹದಿನಾಲ್ಕರ ಹೊತ್ತಿಗೆ. ಎರಡು ವರ್ಷದ ಈ ಅಂತರವೇ ನಮ್ಮ ಪ್ರೇಯರ್ ಸಾಲಿನ ಗುಟ್ಟು. ಮುಟ್ಟು ಶುರುವಾಗೋದು ಆ ವೇಗ ಇಳಿಯತೊಡಗಿದ ಮೇಲೆ; ಅಲ್ಲಿಂದ ಮುಂದೆ ಸಾಮಾನ್ಯವಾಗಿ 5ರಿಂದ 7 ಸೆಂ.ಮೀ. ಅಷ್ಟೇ ಬಾಕಿ. ಎತ್ತರ ಹೀಗೆ ಮುಗಿಯುತ್ತ ಬಂದರೂ ಸೊಂಟದ ಮೂಳೆ ಇನ್ನೂ ಕೆಲವು ವರ್ಷ ಅಗಲವಾಗುತ್ತಲೇ ಇರುತ್ತದೆ. ಹೊರಗಿನಿಂದ ಪೂರ್ತಿ ಬೆಳೆದವಳಂತೆ ಕಾಣುವ ಹುಡುಗಿ ಒಳಗೆ ಹೆರಿಗೆಗೆ ತಯಾರಾಗಿರುವುದಿಲ್ಲ. ಇದನ್ನು ಓದಿದ ದಿನ ಆಕಿ ಬಹಳ ನೆನಪಾದಳು. ಹದಿನೇಳಕ್ಕೆ ಮೊದಲನೇ ಕೂಸು, ಬಹಳ ತ್ರಾಸಾಗಿತ್ತು ಅಂತ ಅವ್ವ ಹೇಳಿದ್ದಳು.

ನನ್ನದು ಉಲ್ಟಾ ಕಥೆ. ಬೇವಿನ ಗಿಡಕ್ಕೆ ಜೋತು ಬೀಳು ಅಂದರು, ಬಿದ್ದೆ. ದೊಡ್ಡಬಸಪ್ಪನ ಗುಡಿಯ ಕಂಬಕ್ಕೆ ಬೆನ್ನು ಹಚ್ಚಿ, ಕೆತ್ತನೆಯ ಯಾವ ಗೆರೆಗೆ ತಲೆ ಬರ್ತದ ಅಂತ ನೋಡ್ತಿದ್ದೆ. ಚಾಲುಕ್ಯರ ಕಾಲದ ಅಳತೆಪಟ್ಟಿ, ಒಂದು ಇಂಚೂ ರಿಯಾಯಿತಿ ಇಲ್ಲ. ಅಪ್ಪ ಮಾತ್ರ ‘ನಾನೂ ಮೆಟ್ರಿಕ್ ಆದಮ್ಯಾಲನ ಉದ್ದಾಗಿದ್ದು, ಸುಮ್ನಿರಲೇ’ ಅಂದ. ಡಾಕ್ಟರುಗಳೂ ಮೊದಲು ಕೇಳೋದು ಅದನ್ನೇ. ತಡವಾಗಿ ಬೆಳೆಯುವುದು ಮನೆತನದಲ್ಲಿ ಬರುತ್ತದೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಮೂಳೆಯ ವಯಸ್ಸು ಎಷ್ಟು, ಬೆಳೆಯೋ ಪಟ್ಟಿ ಇನ್ನೂ ತೆರೆದಿದೆಯಾ ಅಂತ ಗೊತ್ತಾಗುತ್ತದೆ. ಆ ಪಟ್ಟಿ ಮುಚ್ಚಿದ ಮೇಲೆ ಯಾವ ಪೌಡರೂ ಉದ್ದ ಮಾಡಲ್ಲ. ಗದಗಿನಲ್ಲಿ ಪಿಯುಸಿ ಓದುವಾಗ ವರ್ಷಕ್ಕೆ ಎರಡು ಸಲ ಪ್ಯಾಂಟಿನ ಮಡಿಕೆ ಬಿಚ್ಚಿಸಿದೆ.

ಕಾಯೋದಕ್ಕೂ ಮಿತಿ ಇದೆ ಅನ್ನಿ. ಹುಡುಗಿಗೆ 13, ಹುಡುಗನಿಗೆ 14 ದಾಟಿದರೂ ಯಾವ ಲಕ್ಷಣವೂ ಕಾಣದಿದ್ದರೆ ತೋರಿಸಬೇಕು. ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮೊದಲೇ ಶುರುವಾದರೂ ಅಷ್ಟೇ.

ಈಗ ಬೆಂಗಳೂರಲ್ಲಿ ನನ್ನ ಅಕ್ಕನ ಮಗಳಿಗೆ ಹತ್ತು. ಅಪಾರ್ಟ್‌ಮೆಂಟಿನ ಅದೇ ವಯಸ್ಸಿನ ಹುಡುಗರಿಗಿಂತ ಆಗಲೇ ಉದ್ದ. ಡಾಕ್ಟರು ನೋಡಿ, ಎಲ್ಲಾ ಟೈಮಿಗೆ ಸರಿಯಾಗಿದೆ ಅಂದರು. ಕಳೆದ ವಾರ ಅವ್ವ ಫೋನು ಮಾಡಿ, ‘ಹುಡುಗಿ ದೊಡ್ಡಾಕಿ ಆಗಾಕತ್ತಾಳ, ಇನ್ನ ಗಂಡುಹುಡುಗರ ಜೋಡಿ ಆಡಾಕ ಬಿಡಬ್ಯಾಡ್ರಿ’ ಅಂದಳು.

‘ಹತ್ತು ವರ್ಷ ಅವ್ವಾ. ಇನ್ನೂ ರಾತ್ರಿ ಲೈಟು ಆರಿಸಿದ್ರ ಅಂಜತಾಳ’ ಅಂದಳು ಅಕ್ಕ.

ಅಷ್ಟರಲ್ಲಿ ಅದು ಸೈಕಲ್ ಬೀಗ ಹುಡುಕಿಕೊಂಡು ಲಿಫ್ಟಿಗೆ ಓಡಿಯಾಗಿತ್ತು.