ಕೋಂ ಯಾರು?

ಮೊನ್ನೆ ಹಳೆಯ ಟ್ರಂಕನ್ನು ತೆಗೆದು ಕಾಗದಪತ್ರಗಳನ್ನು ಜೋಡಿಸುತ್ತಿದ್ದಾಗ ನನ್ನ ಮನೆಯ ಕ್ರಯಪತ್ರ ಕೈಗೆ ಸಿಕ್ಕಿತು. 2003ರ ಕಾಗದ. ಅಂಚುಗಳು ಹಳದಿಗಟ್ಟಿವೆ. ಅದರಲ್ಲಿ ನನ್ನ ಹೆಸರಿನ ಪಕ್ಕದಲ್ಲಿರುವ ಒಂದು ಪದವನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ. ಈ ವಿಷಯವನ್ನು ಇದುವರೆಗೆ ನಾನು ಎಲ್ಲಿಯೂ ಬರೆದಿಲ್ಲ. ಬಂಧುಗಳಿಗೆ ಗೊತ್ತು, ಆದರೆ ಯಾರೂ ನನ್ನೆದುರು ಎತ್ತುವುದಿಲ್ಲ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅರವತ್ತಾರು ದಾಟಿದ ಮೇಲೆ ಮುಚ್ಚಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲವೆನ್ನಿಸಿ ಬರೆಯುತ್ತಿದ್ದೇನೆ.

2001ರಲ್ಲಿ ನನಗೆ ವಿವಾಹ ವಿಚ್ಛೇದನವಾಯಿತು. ಆಗ ನನಗೆ ನಲವತ್ತೆರಡು ವರ್ಷ. ಮಗಳು ಆರನೆಯ ತರಗತಿಯಲ್ಲಿದ್ದಳು. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿದ 13ಬಿ ಕಲಮಿನಂತೆ, ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ಕಾರಣಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಉತ್ತರ ಕೊಡಲು ಎದುರಿಗಿಲ್ಲದವರ ಮೇಲೆ ದೂರು ಹೇಳುವುದು ಸಲ್ಲದೆಂದು ನಿಮಗೇ ತರಗತಿಯಲ್ಲಿ ಕಲಿಸಿದವಳು ನಾನು. ಇಲ್ಲಿ ಹೇಳಬೇಕಾಗಿರುವುದು ಆಮೇಲಿನ ಮಾತು, ಮನೆಯ ಮಾತು.

ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೊರಟೆ. ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ಯಜಮಾನರು ಏನು ಮಾಡ್ತಾರೆ?" ನಿಜ ಹೇಳಿದ ಮೂರು ಕಡೆ, "ಯೋಚನೆ ಮಾಡಿ ಹೇಳ್ತೀವಿ" ಎಂದರು. ಯಾರೂ ತಿರುಗಿ ಹೇಳಲಿಲ್ಲ. ನಾಲ್ಕನೆಯ ಮನೆಯಲ್ಲಿ ನಾನು ಸುಳ್ಳು ಹೇಳಿದೆ. "ದೆಹಲಿಯಲ್ಲಿ ಕೆಲಸ, ವರ್ಷಕ್ಕೊಮ್ಮೆ ಬರ್ತಾರೆ" ಎಂದೆ. ಪಕ್ಕದಲ್ಲಿ ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ಆ ಮನೆ ಸಿಕ್ಕಿತು. ಒಂದೂವರೆ ವರ್ಷದ ಮೇಲೆ ಹೇಗೋ ವಿಷಯ ತಿಳಿದು, ಮಗನಿಗೆ ಮದುವೆ, ಮನೆ ಬೇಕಾಗಿದೆಯೆಂಬ ನೆಪ ಹೇಳಿ ಒಂದು ತಿಂಗಳಲ್ಲಿ ಖಾಲಿ ಮಾಡುವಂತೆ ಹೇಳಿದರು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು ಕೇಳಿದಳು:

"ಅಮ್ಮ, ಮುಂದಿನ ಮನೇಲೂ ಅಪ್ಪ ದೆಹಲೀಲಿದ್ದಾರೆ ಅಂತಾನೇ ಹೇಳ್ಬೇಕಾ?"

ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಸ್ವಂತ ಮನೆ ಕೊಳ್ಳಬೇಕೆಂದು ನಾನು ನಿಶ್ಚಯಿಸಿದ್ದು ಆ ಕ್ಷಣದಲ್ಲಿ.

ಆದರೆ ಹಣ? ಭವಿಷ್ಯನಿಧಿಯಿಂದ ಒಂದೂವರೆ ಲಕ್ಷ ತೆಗೆಯಬಹುದಾಗಿತ್ತು. ತವರಿನವರು ಹಾಕಿದ್ದ ನಾಲ್ಕು ಬಳೆ, ಒಂದು ಅವಲಕ್ಕಿ ಸರ ಮಾರಿದ್ದರಿಂದ ಅರವತ್ತು ಸಾವಿರ ಬಂತು. ತಮ್ಮ ನಲವತ್ತು ಸಾವಿರ ಕೊಟ್ಟ. ಆಗ ನಮಗೆ ನಿವೃತ್ತಿ ವಯಸ್ಸು 58. ಅದು 60 ಆದದ್ದು 2008ರಲ್ಲಿ. ಹಾಗಾಗಿ ಬ್ಯಾಂಕಿನವರು ನನಗೆ ಉಳಿದಿದ್ದ ಹದಿನಾಲ್ಕು ವರ್ಷಗಳ ಸೇವೆಯನ್ನು ಲೆಕ್ಕ ಹಾಕಿ ಮೂರೂವರೆ ಲಕ್ಷ ಸಾಲ ಕೊಡಲು ಒಪ್ಪಿದರು. ತಿಂಗಳ ಕಂತು 3,700 ರೂಪಾಯಿಯ ಹತ್ತಿರ. ಸಂಬಳದಲ್ಲಿ ಮೂರನೆಯ ಒಂದು ಪಾಲು ಅದಕ್ಕೇ ಹೋಗುತ್ತಿತ್ತು.

ಭಾನುವಾರ ಬಂತೆಂದರೆ ಮನೆ ನೋಡುವುದೇ ಕೆಲಸವಾಯಿತು. ಊರಾಚೆ ಒಂದು ಹೊಸ ಮನೆ ಬಹಳ ಅಗ್ಗಕ್ಕೆ ಸಿಗುವಂತಿತ್ತು. ಮುಂಗಡ ಕೊಡಲು ಹಣವನ್ನು ಕೈಚೀಲದಲ್ಲಿಟ್ಟುಕೊಂಡೂ ಹೋಗಿದ್ದೆ. ಅದೇಕೋ ಮನಸ್ಸು ಅಳುಕಿ, ಬ್ಯಾಂಕಿನ ವಕೀಲರಿಗೆ ಕಾಗದ ತೋರಿಸಿ ಬರುತ್ತೇನೆಂದು ಹಿಂದಿರುಗಿದೆ. ಅವರು ಒಂದೇ ನೋಟದಲ್ಲಿ, "ಇದು ರೆವಿನ್ಯೂ ನಿವೇಶನ ಮೇಡಂ. ವ್ಯವಸಾಯದ ಜಮೀನಿಗೆ ಭೂಪರಿವರ್ತನೆಯೇ ಆಗಿಲ್ಲ, ಬಡಾವಣೆಗೆ ಅನುಮೋದನೆಯೂ ಇಲ್ಲ. ಸಾಲ ಸಿಗೋದಿಲ್ಲ" ಎಂದರು. ಅಂದು ನನ್ನ ಬಳೆಗಳು ಉಳಿದವೆಂದು ಇಂದಿಗೂ ಅಂದುಕೊಳ್ಳುತ್ತೇನೆ.

ಕೊನೆಗೆ ಸಿಕ್ಕಿದ್ದು ಈ ಮನೆ. ಇಪ್ಪತ್ತಕ್ಕೆ ಮೂವತ್ತರ ನಿವೇಶನ, ಎರಡು ಕೋಣೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಬೆಲೆ ಐದು ಲಕ್ಷ ನಲವತ್ತು ಸಾವಿರ. ಅಕ್ಕಪಕ್ಕದ ಮನೆಗಳಿಗಿಂತ ಕಡಿಮೆ. ಕಾರಣ, ಬಾಗಿಲು ದಕ್ಷಿಣಕ್ಕಿತ್ತು! ವರ್ಷದಿಂದ ಯಾರೂ ಕೊಂಡಿರಲಿಲ್ಲ. ನಮ್ಮ ಕಡೆಯ ಹಿರಿಯರೊಬ್ಬರು, "ಮೊದಲೇ ಹೀಗಾಗಿದೆ, ಇನ್ನು ದಕ್ಷಿಣದ ಬಾಗಿಲು ಬೇರೆ ಕೇಡು" ಎಂದರು. ನನ್ನ ತಾಯಿ ಮಾತ್ರ ನಡುಮನೆಯಲ್ಲಿ ನಿಂತು ಸುತ್ತಲೂ ನೋಡಿ, "ಬಿಸಿಲು ಚೆನ್ನಾಗಿ ಬರುತ್ತೆ ಕಣೇ, ತಗೋ" ಎಂದರು. ಭೂಗೋಳ ಪಾಠ ಮಾಡುವ ನನಗಿಂತ ಅವರೇ ಸರಿ. ಮೈಸೂರು ಇರುವ ಅಕ್ಷಾಂಶಕ್ಕೆ ವರ್ಷದ ಸುಮಾರು ಎಂಟು ತಿಂಗಳು ನಡುಹಗಲಿನ ಸೂರ್ಯ ದಕ್ಷಿಣಕ್ಕೇ ಇರುತ್ತಾನೆ. ಮಾಗಿಯ ಚಳಿಯಲ್ಲಿ ಹೊಸ್ತಿಲ ಮೇಲೆ ಬಿಸಿಲು ಬಿದ್ದಿರುವ ಮನೆ ನಮ್ಮದು.

ಕ್ರಯಪತ್ರ ಬರೆಸಲು ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಪತ್ರ ಬರಹಗಾರರೊಬ್ಬರಲ್ಲಿಗೆ ಹೋದೆ. ಇಕ್ಕಟ್ಟಾದ ಕೋಣೆ, ಹತ್ತು ಹನ್ನೆರಡು ಜನ. ನಮ್ಮ ಕಡೆಯ ಪತ್ರಗಳಲ್ಲಿ ಗಂಡಸಿನ ಹೆಸರಿನ ಮುಂದೆ "ಬಿನ್" ಎಂದು ಬರೆದು ತಂದೆಯ ಹೆಸರನ್ನೂ, ಮದುವೆಯಾದ ಹೆಂಗಸಿನ ಹೆಸರಿನ ಮುಂದೆ "ಕೋಂ" ಎಂದು ಬರೆದು ಗಂಡನ ಹೆಸರನ್ನೂ ಹಾಕುವುದು ವಾಡಿಕೆ. ಅವರು ಕನ್ನಡಕದ ಮೇಲಿನಿಂದ ನೋಡಿ, ಇಡೀ ಕೋಣೆಗೆ ಕೇಳಿಸುವಂತೆ, "ಕೋಂ ಯಾರಮ್ಮಾ?" ಎಂದರು.

ನಾನು ಬಾಯಿ ತೆರೆಯಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ.

ಮೂಲೆಯಲ್ಲಿ ಟೈಪು ಮಾಡುತ್ತಿದ್ದ ತರುಣನೊಬ್ಬ ಎದ್ದು ಬಂದ. "ಸಾರ್, ಮೇಡಂ ಅವರ ಫೈಲು ನಾನು ನೋಡಿದೀನಿ. ವಿವರ ನಾನೇ ತಗೋತೀನಿ" ಎಂದು ನನ್ನನ್ನು ಹೊರಗಿನ ಹೊಂಗೆಮರದ ಕೆಳಗೆ ಕರೆದುಕೊಂಡು ಹೋದ. ನ್ಯಾಯಾಲಯದ ಡಿಕ್ರಿಯ ಪ್ರತಿ ಆ ಫೈಲಿನಲ್ಲಿತ್ತು. ಅವನು ಆ ವಿಷಯ ಎತ್ತಲೇ ಇಲ್ಲ. ಮೆಲ್ಲಗೆ, "ನಿಮ್ಮ ತಂದೆಯವರ ಹೆಸರು ಹೇಳಿ ಮೇಡಂ, 'ಇವರ ಮಗಳು' ಅಂತ ಬರೆದರೆ ಆಯ್ತು" ಎಂದ. ಆಗ ಅವನ ಮುಖವನ್ನು ಸರಿಯಾಗಿ ನೋಡಿದೆ. ನನ್ನ ವಿದ್ಯಾರ್ಥಿ.

ನೋಡಿದೊಡನೆ ನೆನಪಾದದ್ದು 1992ರ ಒಂದು ಮಧ್ಯಾಹ್ನ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬುತ್ತಿದ್ದೆವು. ಒಬ್ಬೊಬ್ಬರನ್ನೇ ಎಬ್ಬಿಸಿ ವಿವರ ಕೇಳುತ್ತಿದ್ದೆ. ಈ ಹುಡುಗ ತಂದೆಯ ಹೆಸರು ಹೇಳದೆ ತಲೆ ತಗ್ಗಿಸಿ ನಿಂತ. ನಾನು ಎರಡು ಸಲ ಗದರಿದೆ. "ಅಪ್ಪನ ಹೆಸರೂ ಗೊತ್ತಿಲ್ಲವೇನೋ?" ಎಂದೆ. ತರಗತಿಯೆಲ್ಲ ನಕ್ಕಿತು. ತಂದೆ ಬಿಟ್ಟುಹೋದ ಮೇಲೆ ತಾಯಿ ನಾಲ್ಕು ಮನೆ ಕೆಲಸ ಮಾಡಿ ಅವನನ್ನು ಓದಿಸುತ್ತಿದ್ದರೆಂದು ಮರುದಿನ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ನಾನು ಕ್ಷಮೆ ಕೇಳಲಿಲ್ಲ. ಶಿಕ್ಷಕಿ ವಿದ್ಯಾರ್ಥಿಯಲ್ಲಿ ಕ್ಷಮೆ ಕೇಳುವುದು ಆಗ ನನಗೆ ಗೊತ್ತಿರಲಿಲ್ಲ.

ಹೊಂಗೆಮರದ ಕೆಳಗೆ ಕೇಳಿದೆ: "ಅವತ್ತು ಕ್ಲಾಸಿನಲ್ಲಿ ನಾನು ನಿನ್ನನ್ನು... ನೆನಪಿದೆಯೇನಪ್ಪಾ?"

ಅವನು ಕಾಗದ ಮಡಚುತ್ತ, "ಬಿಡಿ ಮೇಡಂ. ಮನೆಗೆ ನೀರಿನ ಅನುಕೂಲ ಹೇಗಿದೆ?" ಎಂದ.

"ಬಿನ್" ಎಂಬುದು ಅರಬ್ಬಿಯಿಂದ ಬಂದ ಪದ, ಮಗ ಎಂದರ್ಥ. ಮಗಳಿಗೆ ಆ ಭಾಷೆಯಲ್ಲಿ "ಬಿಂತ್" ಎನ್ನುತ್ತಾರೆ. ಅವನು ಎರಡನ್ನೂ ಬಳಸದೆ ಅಚ್ಚ ಕನ್ನಡದಲ್ಲಿ "ಮಗಳು" ಎಂದು ಬರೆದುಕೊಟ್ಟ. ಮೊನ್ನೆ ನಾನು ನೋಡುತ್ತ ಕುಳಿತಿದ್ದ ಪದ ಅದೇ.

ಗೃಹಪ್ರವೇಶಕ್ಕೆ ಹೋಮ ಮಾಡಿಸಲಿಲ್ಲ. ಕೂರಲು ದಂಪತಿ ಬೇಕೆಂದರು. ತಮ್ಮನೂ ಅವನ ಹೆಂಡತಿಯೂ ಕೂರುತ್ತೇವೆಂದು ಪ್ರೀತಿಯಿಂದಲೇ ಹೇಳಿದರು. ನಾನೇ ಬೇಡವೆಂದೆ. ಅಂದು ಹಾಲು ಉಕ್ಕಿಸಿದವರು ನನ್ನ ತಾಯಿ. ವಿಧವೆಯಾದ ಮೇಲೆ ಶುಭಕಾರ್ಯಗಳಲ್ಲಿ ತಾವಾಗಿಯೇ ಹಿಂದೆ ಸರಿದು ನಿಲ್ಲುತ್ತಿದ್ದ ಅವರನ್ನು ಒಲೆಯ ಮುಂದೆ ನಿಲ್ಲಿಸಲು ಅರ್ಧ ಗಂಟೆ ಬೇಕಾಯಿತು. ಹಾಲು ಉಕ್ಕಿದಾಗ ಅವರ ಕಣ್ಣೂ ತುಂಬಿತ್ತು. ಮಗಳು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ, "ಇದು ನಮ್ಮಮ್ಮನ ಮನೆ" ಎಂದು ಹೇಳುತ್ತಿದ್ದಳು. ಯಾರೂ ಕೇಳಿರಲಿಲ್ಲ, ಆದರೂ ಹೇಳುತ್ತಿದ್ದಳು.

ಕೇಡೆಂದ ದಕ್ಷಿಣದ ಬಾಗಿಲಿನಿಂದಲೇ ಮಗಳನ್ನು ಮದುವೆ ಮಾಡಿ ಕಳಿಸಿದೆ. ಅಮ್ಮ ತಮ್ಮ ಕೊನೆಯ ವರ್ಷಗಳನ್ನು ಆ ಬಿಸಿಲಿನಲ್ಲಿಯೇ ಕಾಲು ಚಾಚಿ ಕುಳಿತು ಕಳೆದರು. ಸಾಲ 2015ರಲ್ಲಿ, ಅವಧಿಗೆ ಎರಡು ವರ್ಷ ಮೊದಲೇ ತೀರಿತು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಇಬ್ಬರು ಇದೇ ದಾರಿಯಲ್ಲಿದ್ದಾರೆ. ಫೋನು ಮಾಡಿ ಅಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಮನೆ ಚಿಕ್ಕದಾದರೂ ನಿಮ್ಮ ಹೆಸರಿನಲ್ಲಿರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿನ ಪ್ರಕಾರ, ಹೀಗೆ ನೀವೇ ಕೊಂಡ ಆಸ್ತಿಗೆ ನೀವೇ ಪೂರ್ಣ ಒಡತಿ. ಮುಂಗಡ ಕೊಡುವ ಮೊದಲು ಮೂವತ್ತು ವರ್ಷಗಳ ಋಣಭಾರ ಪತ್ರ, ಖಾತೆ, ಕಂದಾಯದ ರಸೀದಿ, ಭೂಪರಿವರ್ತನೆಯ ಆದೇಶ ಇವನ್ನು ವಕೀಲರಿಗೆ ತೋರಿಸಿ. ಋಣಭಾರ ಪತ್ರಕ್ಕೆ ಈಗ ಕಾವೇರಿ ಜಾಲತಾಣದಲ್ಲಿಯೇ ಅರ್ಜಿ ಹಾಕಬಹುದು. ನೋಂದಣಿಯಾದ ಮೇಲೆ ಖಾತೆ ಬದಲಾವಣೆಯನ್ನು ಮರೆಯಬೇಡಿ. ಮಕ್ಕಳ ಎದುರು ದೆಹಲಿಯ ಸುಳ್ಳನ್ನು ಮಾತ್ರ ಹೇಳಬೇಡಿ.

ಆ ಹುಡುಗನಿಗೂ ಈಗ ಐವತ್ತು ಹತ್ತಿರವಾಗಿರಬೇಕು. ಅವನು ಇದನ್ನು ಓದುತ್ತಾನೋ ಇಲ್ಲವೋ. ಓದಿದರೆ, ಅಪ್ಪಾ, 1992ರಲ್ಲಿ ತರಗತಿಯ ಎದುರು ನಾನು ಆಡಿದ ಮಾತಿಗೆ ನನ್ನನ್ನು ಕ್ಷಮಿಸು. ಅಂದು ನಕ್ಕವರಲ್ಲಿ ಕೆಲವರು ಇದನ್ನು ಓದುತ್ತಿರುವಿರಿ. ಅವರ ಎದುರಿಗೇ ಕೇಳುತ್ತಿದ್ದೇನೆ. ನೀರಿನ ಅನುಕೂಲ ಚೆನ್ನಾಗಿದೆ. ಒಮ್ಮೆ ಮನೆಗೆ ಬಾ.